ಮಂಗಳೂರಿಗೆ ಎರಡು ದಿನ: ಬಂದರಿನಿಂದ ಶುರು ಮಾಡಿ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕಡೆಯಿಂದ ಗಾಡಿ ಮಾಡಿಕೊಂಡು ಘಟ್ಟ ಇಳಿಯುವವರ ಪಟ್ಟಿ ಹೆಚ್ಚೂಕಡಿಮೆ ಒಂದೇ. ಕುಕ್ಕೆ, ಧರ್ಮಸ್ಥಳ, ಕಟೀಲು, ಉಡುಪಿ, ಪುರುಸೊತ್ತಿದ್ದರೆ ಕೊಲ್ಲೂರು. ಮೂರು ದಿನಕ್ಕೆ ಐದು ದೇವಸ್ಥಾನ. ಈ ಓಟದಲ್ಲಿ ಮಂಗಳೂರಿನ ಪಾಲಿಗೆ ಬರುವುದು ರಾತ್ರಿ ಮಲಗಲು ಒಂದು ಲಾಡ್ಜು, ಬೆಳಿಗ್ಗೆ ಪಣಂಬೂರಿನಲ್ಲಿ ಅರ್ಧ ಗಂಟೆ ನೀರಾಟ, ಒಂದು ಗಡ್‌ಬಡ್ ಐಸ್‌ಕ್ರೀಂ. ಅಲ್ಲಿಗೆ ಮಂಗಳೂರು ಮುಗಿಯಿತು ಎಂದುಕೊಂಡು ಬಸ್ಸು ಹತ್ತುತ್ತೇವೆ.

ಸಾವಿರ ವರ್ಷಕ್ಕೂ ಮಿಕ್ಕಿ ಅರಬರು, ಯಹೂದಿಗಳು, ಪೋರ್ಚುಗೀಸರು, ಕಛ್‌ನವರು, ಇಂಗ್ಲಿಷರು, ಜರ್ಮನರು ಬಂದು ಹೋದ ಊರು ಅದು. ಅವರು ಬಿಟ್ಟುಹೋದದ್ದರಲ್ಲಿ ಕೆಲವು ನಮ್ಮ ಊರಿನ ಮಾಡಿನ ಮೇಲೆ, ನಮ್ಮ ಹೊಲದ ಬದುವಿನಲ್ಲಿ ಇವೆ. ಎರಡು ದಿನ ಕೊಟ್ಟರೆ ಮುಖ್ಯವಾದುದನ್ನೆಲ್ಲ ನೋಡಬಹುದು. ಬೀಚಿನಿಂದ ಮಾತ್ರ ಶುರು ಮಾಡಬೇಡಿ. ಹಳೆಯ ಮಂಗಳೂರು ತೆರೆದ ಕಡಲಿಗೆ ಮುಖ ಮಾಡಿದ ಊರಲ್ಲ, ಹೊಳೆಯ ದಡದಲ್ಲಿ ಬೆಳೆದ ಊರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯ ಒಳಗಡೆ ಹಡಗುಗಳಿಗೆ ಅಲೆಯ ಭಯ ಇರಲಿಲ್ಲ. ಊರು ಹುಟ್ಟಿದ್ದೇ ಅದರಿಂದ.

ಹೋಗುವುದು, ಇಳಿಯುವುದು

ಚಿಂತಾಮಣಿಯಿಂದ ಸ್ವಂತ ಗಾಡಿಯಲ್ಲಿ ಹೊರಟರೆ ಹೊಸಕೋಟೆಯಲ್ಲಿ ಸಿಗುವ ರಾಷ್ಟ್ರೀಯ ಹೆದ್ದಾರಿ 75ನ್ನು ಹಿಡಿಯಿರಿ. ಮುಳಬಾಗಿಲು, ಕೋಲಾರದ ಮೇಲೆ ಹಾದುಬರುವ ಆ ರಸ್ತೆಯೇ ಬೆಂಗಳೂರು, ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಬಂಟ್ವಾಳ ಮುಟ್ಟುತ್ತದೆ. ಒಟ್ಟು ನಾನೂರು ಕಿಲೋಮೀಟರಿಗೆ ಮೇಲೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದು ಮಾಮೂಲು. ಹೊರಡುವ ದಿನ ಬೆಳಿಗ್ಗೆ ವಿಚಾರಿಸಿಯೇ ಗಾಡಿ ತೆಗೆಯಿರಿ.

ಬಸ್ಸಿನವರಿಗೆ ಬೆಂಗಳೂರಿನಿಂದ ರಾತ್ರಿ ಬಸ್ಸುಗಳು ಬೇಕಾದಷ್ಟಿವೆ. ರೈಲಿನಲ್ಲಿ ಹೋಗುವುದಾದರೆ ಯಶವಂತಪುರದಿಂದ ಹೊರಡುವ ಹಗಲು ರೈಲನ್ನೇ ಆರಿಸಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದಲ್ಲಿ 57 ಸುರಂಗಗಳು ಸಿಗುತ್ತವೆ. 2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯೂ ಸೇರಿದೆ. ಮಕ್ಕಳಿದ್ದರೆ ಆ ಟಿಕೆಟ್ಟಿಗೆ ಕೊಟ್ಟ ದುಡ್ಡು ದಂಡವಲ್ಲ. ಒಂದು ಎಚ್ಚರಿಕೆ: ಮಂಗಳೂರಿಗೆ ಜಂಕ್ಷನ್ ಮತ್ತು ಸೆಂಟ್ರಲ್ ಎಂದು ಎರಡು ಸ್ಟೇಷನ್ನುಗಳಿವೆ. ಸೆಂಟ್ರಲ್ ಊರ ನಡುವೆ ಇದೆ, ಜಂಕ್ಷನ್ ಊರಾಚೆ. ಟಿಕೆಟ್ ಮಾಡಿಸುವಾಗ ಯಾವುದೆಂದು ನೋಡಿಕೊಳ್ಳಿ.

ಉಳಿಯಲು ಹಂಪನಕಟ್ಟೆ ಅಥವಾ ಸ್ಟೇಟ್‌ಬ್ಯಾಂಕ್ ಸುತ್ತಮುತ್ತ ರೂಮು ಹಿಡಿದರೆ ಅರ್ಧ ಊರನ್ನು ಕಾಲ್ನಡಿಗೆಯಲ್ಲೇ ನೋಡಬಹುದು. ‘ಸ್ಟೇಟ್‌ಬ್ಯಾಂಕ್’ ಅಂದರೆ ಅಲ್ಲಿಯವರಿಗೆ ಸಿಟಿ ಬಸ್ಸುಗಳೆಲ್ಲ ಬಂದು ಸೇರುವ ನಿಲ್ದಾಣ. ಸರ್ಕಾರಿ ಬಸ್ಸುಗಳ ನಿಲ್ದಾಣ ಇರುವುದು ಬಿಜೈಯಲ್ಲಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಯಲುಸೀಮೆಯ ಬಿಸಿಲು ಸುಡುತ್ತದೆ ಅಷ್ಟೆ, ಅಲ್ಲಿಯ ಸೆಕೆ ಬೆವರಿಳಿಸಿ ಆಳನ್ನೇ ಹಿಂಡುತ್ತದೆ. ಮಳೆಯಂತೂ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಹೋದರೆ ಮೀನುಗಾರಿಕೆಯ ಕಟ್ಟೆಯಲ್ಲಿ ಕಟ್ಟಿಹಾಕಿದ ದೋಣಿಗಳನ್ನು ಎಣಿಸಬೇಕಷ್ಟೆ.

ಮೊದಲ ಬೆಳಿಗ್ಗೆ: ಧಕ್ಕೆಯಿಂದ ರಥಬೀದಿಗೆ

ರಾತ್ರಿ ಬಸ್ಸಿನಲ್ಲಿ ಇಳಿದವರು ಮುಖ ತೊಳೆದು ಸೀದಾ ಧಕ್ಕೆಗೆ ಹೋಗಿ. ಇದು ಮೀನುಗಾರಿಕೆಯ ಕಟ್ಟೆ. ಬೆಳಕು ಹರಿಯುವಷ್ಟರಲ್ಲಿ ದೋಣಿಗಳು ಬಂದು ಬೂತಾಯಿ, ಬಂಗುಡೆ, ಮಾಂಜಿ, ಅಂಜಲ್ ಬುಟ್ಟಿಗಟ್ಟಲೆ ಇಳಿಯುತ್ತಿರುತ್ತವೆ. ನೆಲವೆಲ್ಲ ನೀರು, ಮಂಜುಗಡ್ಡೆಯ ಚೂರು, ಮೀನಿನ ಹುರುಪೆ. ಹವಾಯಿ ಚಪ್ಪಲಿಯೇ ಸರಿ, ಒಳ್ಳೆಯ ಷೂ ಹಾಕಿಕೊಂಡು ಹೋಗಬೇಡಿ. ಹರಾಜು ಕೂಗುವವರ ದಾರಿಗೆ ಅಡ್ಡ ನಿಲ್ಲದೆ ಒಂದು ಬದಿಯಲ್ಲಿ ನಿಂತು ನೋಡಿ. ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜು ನೋಡಿದವರಿಗೆ ಇಲ್ಲಿ ಯಾರು ಕೊಳ್ಳುವವರು, ಯಾರು ದಲ್ಲಾಳಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಮೀನು ತಿನ್ನದವರು, ವಾಸನೆ ಆಗದವರು ಇದನ್ನು ಬಿಟ್ಟರೂ ನಷ್ಟವಿಲ್ಲ.

ಅಲ್ಲೇ ಪಕ್ಕದಲ್ಲಿ ಹಳೆ ಬಂದರು. ದೊಡ್ಡ ಹಡಗುಗಳೆಲ್ಲ 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರಿಗೆ ಹೋದವು. ಹಳೆಯದು ಸತ್ತಿಲ್ಲ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಹೋಗುವ ಮಂಜಿ ಎಂಬ ಸರಕು ದೋಣಿಗಳು ಇಂದಿಗೂ ಇಲ್ಲಿಂದಲೇ ಹೊರಡುತ್ತವೆ. ಸರಕು ತುಂಬುವ ಜಾಗದೊಳಗೆ ಹೋಗಬೇಕಾದರೆ ಕಾವಲಿನವರನ್ನು ಕೇಳಿ. ಬೇಡ ಎಂದರೆ ವಾದ ಬೇಡ, ಕ್ಯಾಮೆರಾ ಒಳಗಿಡಿ. ಚೆನ್ನಾಗಿ ಕಾಣುವ ಜಾಗ ಬೇರೆಯೇ ಇದೆ. ಬಂದರಿನಿಂದ ಎದುರು ದಡದ ಬೆಂಗ್ರೆಗೆ ಊರವರು ದಿನಾ ಓಡಾಡುವ ದೋಣಿಯಿದೆ. ಅದರಲ್ಲಿ ಕೂತು ಹೋಗಿ ಬನ್ನಿ. ಕಟ್ಟೆ, ಗೋದಾಮು, ಮಂಜಿ, ಹಿಂದೆ ತೆಂಗಿನ ತೋಪು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಇಡೀ ಪ್ರವಾಸದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ನೋಟ ಇನ್ನೊಂದಿಲ್ಲ.

ಈ ನೀರಿನ ಮೇಲೆ ಹನ್ನೆರಡನೇ ಶತಮಾನದಲ್ಲಿ ವ್ಯಾಪಾರ ಮಾಡಿದ ಒಬ್ಬನ ಲೆಕ್ಕಪತ್ರ ಉಳಿದಿದೆ. ಅಬ್ರಹಾಂ ಬೆನ್ ಯಿಜು ಟ್ಯುನೀಷಿಯಾ ಕಡೆಯ ಯಹೂದಿ ವರ್ತಕ. 1130ರ ದಶಕದಲ್ಲಿ ಮಂಗಳೂರಿಗೆ ಬಂದವನು 1149ರ ಹೊತ್ತಿಗೆ ಹಿಂದಿರುಗಿದ. ಅಷ್ಟೂ ಕಾಲ ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಏಡನ್‌ಗೆ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. ಅವನ ಪರವಾಗಿ ಏಡನ್‌ಗೆ ಹೋಗುತ್ತಿದ್ದ ಆಳಿನ ಹೆಸರು ಬೊಮ್ಮ. ಈ ಬೊಮ್ಮ ಏಡನ್‌ನಲ್ಲಿ ಕುಡಿದು ತಿರುಗಿ, ದುಡ್ಡು ಕೊಡಿ ಎಂದು ಕಾಡಿದ ಎಂದು ಅಲ್ಲಿಯ ವರ್ತಕ ಬರೆದ ದೂರೂ ಆ ಕಾಗದಗಳಲ್ಲಿದೆ. ಇವೆಲ್ಲ ಕೈರೋದ ಒಂದು ಯಹೂದಿ ಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಅಮಿತಾವ್ ಘೋಷ್ 1992ರಲ್ಲಿ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಪುಸ್ತಕ ಬರೆದದ್ದು ಇದೇ ಎಳೆ ಹಿಡಿದು. ಮಂಗಳೂರಿನಲ್ಲಿ ಬೆನ್ ಯಿಜುವಿನ ಗುರುತಿನ ಕಲ್ಲೊಂದೂ ಇಲ್ಲ. ಬೊಮ್ಮನದಂತೂ ಕೇಳಲೇಬೇಡಿ.

ಬಂದರಿನ ಓಣಿಗಳಲ್ಲಿ ಸುಮ್ಮನೆ ನಡೆಯಿರಿ. ಅಕ್ಕಿ, ಈರುಳ್ಳಿ, ಒಣಮೀನು, ಸಾಂಬಾರ ಪದಾರ್ಥಗಳ ಸಗಟು ಅಂಗಡಿಗಳು, ಹೆಂಚು ಹೊದೆಸಿದ ಹಳೆಯ ಗೋದಾಮುಗಳು, ತಳ್ಳುಗಾಡಿಗಳು. ಬ್ಯಾರಿ, ಕೊಂಕಣಿ, ತುಳು ಮೂರೂ ಕಿವಿಗೆ ಬೀಳುತ್ತವೆ. ನಮ್ಮ ಊರಿನಲ್ಲಿ ತೆಲುಗು–ಕನ್ನಡ–ಉರ್ದು ಬೆರೆಯುವುದನ್ನು ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ. ಭಾನುವಾರ ಇಲ್ಲಿ ಬಾಗಿಲು ಹಾಕಿದ ಅಂಗಡಿಗಳೇ ಹೆಚ್ಚು, ಆದ್ದರಿಂದ ಮೊದಲ ದಿನ ಭಾನುವಾರ ಆಗದಂತೆ ನೋಡಿಕೊಳ್ಳಿ.

ಈ ಓಣಿಗಳ ನಡುವೆ ಝೀನತ್ ಬಕ್ಷ್ ಮಸೀದಿ ಇದೆ. ಅರಬ್ ವರ್ತಕರ ಕಾಲದಲ್ಲಿ, 7ನೇ ಶತಮಾನದಲ್ಲೇ ಕಟ್ಟಿದ್ದು ಎಂಬುದು ಸ್ಥಳೀಯರ ನಂಬಿಕೆ. 1784ರಲ್ಲಿ ಟಿಪ್ಪು ಇದನ್ನು ದುರಸ್ತಿ ಮಾಡಿಸಿ ಮಗಳ ಹೆಸರಿಟ್ಟ ಎನ್ನುತ್ತಾರೆ. ಒಳಗಿನ ಹಳೆಯ ಭಾಗ ಮರದ್ದು. ಕಂಬಗಳ ಮೇಲೆ ಬಳ್ಳಿ, ಹೂವಿನ ಕೆತ್ತನೆ. ಕರಾವಳಿಯ ದೇವಸ್ಥಾನಗಳಲ್ಲಿ ಕೆಲಸ ಮಾಡುವಂಥ ಬಡಗಿಗಳ ಕೈಯೇ ಇಲ್ಲೂ ಆಡಿದೆ ಎಂದು ನೋಡಿದ ಕೂಡಲೇ ಅನಿಸುತ್ತದೆ. ಶುಕ್ರವಾರ ಮಧ್ಯಾಹ್ನ ಬಿಟ್ಟು, ನಮಾಜಿನ ಹೊತ್ತು ತಪ್ಪಿಸಿ, ತಲೆಗೆ ಬಟ್ಟೆ ಹಾಕಿಕೊಂಡು, ಹೊರಗೆ ಇರುವವರನ್ನು ಕೇಳಿಯೇ ಒಳಗೆ ಹೋಗಿ. ಹೆಂಗಸರು ಎಲ್ಲಿವರೆಗೆ ಹೋಗಬಹುದು ಎಂಬುದನ್ನೂ ಅವರೇ ಹೇಳುತ್ತಾರೆ. 1342ರಲ್ಲಿ ಇಬ್ನ್ ಬತೂತ ಈ ಊರಿಗೆ ಬಂದಾಗ ಪರ್ಷಿಯಾ, ಯೆಮೆನ್‌ಗಳ ವರ್ತಕರು ಇಲ್ಲಿ ಇಳಿಯುತ್ತಾರೆ, ಮೆಣಸು–ಶುಂಠಿ ಹೇರಳ, ಸುಮಾರು 4,000 ಮುಸಲ್ಮಾನರಿದ್ದಾರೆ ಎಂದು ಬರೆದಿಟ್ಟ.

ಬಂದರಿನಿಂದ ನಡೆದೇ ಹೋಗುವಷ್ಟು ದೂರದಲ್ಲಿ ರೊಸಾರಿಯೊ ಕೆಥೆಡ್ರಲ್. ಪೋರ್ಚುಗೀಸರು 1568ರಲ್ಲಿ ಇಲ್ಲಿ ನೆಲೆಯೂರಿದಾಗ ಕಟ್ಟಿದ ಇಗರ್ಜಿಯ ಜಾಗ ಇದು. ಈಗಿನ ಗುಮ್ಮಟದ ಕಟ್ಟಡ 20ನೇ ಶತಮಾನದ ಆರಂಭದ್ದು. ಪೋರ್ಚುಗೀಸ್ ರಾಜಲಾಂಛನ ಕೊರೆದ ಹಳೆಯ ಕಲ್ಲೊಂದು ಉಳಿದಿದೆ, ಎಲ್ಲಿದೆ ಎಂದು ಕೇಳಿ ನೋಡಿ. ಅವರ ಕೋಟೆಯನ್ನು ಹುಡುಕಿಕೊಂಡು ಹೋಗಬೇಡಿ, ಅದು ಉಳಿದಿಲ್ಲ. ಮಧ್ಯಾಹ್ನದ ಊಟಕ್ಕೆ ರಥಬೀದಿಯ ಕಡೆ ಬನ್ನಿ. ಗೌಡ ಸಾರಸ್ವತರ ವೆಂಕಟರಮಣ ದೇವಸ್ಥಾನ, ಸುತ್ತ ಬಂಗಾರ, ಬಟ್ಟೆ, ಹೂವಿನ ಅಂಗಡಿಗಳು. ಗೋವಾದ ಕಡೆಯಿಂದ ತೆಂಕಣಕ್ಕೆ ಬಂದು ವ್ಯಾಪಾರದಲ್ಲಿ ತಳವೂರಿದ ಸಮುದಾಯದ ಬೀದಿ ಇದು.

ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. ಹೆಸರು ಕೇಳಿ ಚಿತ್ರದುರ್ಗದಂಥ ಕೋಟೆ ಎಂದುಕೊಂಡು ಹೋದರೆ ಪೆಚ್ಚಾಗುತ್ತೀರಿ. ಕಪ್ಪು ಕಲ್ಲಿನ ಒಂದು ಕಾವಲು ಬುರುಜು, ತೋಪಿಗೆ ಬಿಟ್ಟ ಕಿಂಡಿಗಳು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೂ ನಮ್ಮ ಕಡೆಯವರು ನೋಡಲೇಬೇಕು. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ 1763ರಲ್ಲಿ ಮಂಗಳೂರನ್ನು ಹಿಡಿದ. ನೆಲದ ನಡುವೆ ಸಿಕ್ಕಿಕೊಂಡಿದ್ದ ಮೈಸೂರಿಗೆ ಕುದುರೆ, ಮದ್ದುಗುಂಡು ಬರಲು, ಮೆಣಸು, ಗಂಧ ಹೋಗಲು ಒಂದು ಬಾಗಿಲು ಬೇಕಿತ್ತು. ಅವನು ಹಡಗು ಕಟ್ಟಿಸಿದ್ದೂ ಇಲ್ಲೇ. ದೇವನಹಳ್ಳಿಯಲ್ಲಿ ಹುಟ್ಟಿದ ಮಗ ಟಿಪ್ಪು ಇಂಗ್ಲಿಷರಿಂದ ಊರನ್ನು ಮರಳಿ ಪಡೆದು 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಮಾಡಿಕೊಂಡ. ಗುರುಪುರ ಹೊಳೆಯೊಳಕ್ಕೆ ಶತ್ರುಗಳ ಹಡಗು ನುಗ್ಗದಿರಲಿ ಎಂದು ಆ ಕಾಲದಲ್ಲೇ ಈ ಬತ್ತೇರಿ ಎದ್ದಿತು. ಅದೇ ವರ್ಷ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸಾಲುಸಾಲಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನ್ನೂ ಊರು ಮರೆತಿಲ್ಲ. ಟಿಪ್ಪು ಬಗ್ಗೆ ಮಾತು ತೆಗೆದರೆ ಒಂದೊಂದು ಬೀದಿಯಲ್ಲಿ ಒಂದೊಂದು ಉತ್ತರ ಸಿಗುತ್ತದೆ. ಬತ್ತೇರಿಯ ಬುಡದಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ ಕಡಲತೀರ. ಸೂರ್ಯಾಸ್ತಕ್ಕೆ ಪಣಂಬೂರಿನ ಜಾತ್ರೆಗಿಂತ ಇದು ಮೇಲು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಕೊಂಡಿರಿ.

ಎರಡನೇ ದಿನ: ಗುಡ್ಡದ ಮೇಲಿನ ಊರು

ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಬೆಳಿಗ್ಗೆಯೇ ಹೋಗಿ, ಗುಂಪು ಕಡಿಮೆ. 1880ರ ದಶಕದ ಕಟ್ಟಡ, ಹೊರಗಿನಿಂದ ಸಾಧಾರಣ. ಇಟಲಿಯ ಬೆರ್ಗಾಮೊ ಬಳಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಬ್ರದರ್ 1899ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಇದರೊಳಗೆ ಚಿತ್ರ ಬರೆದ. ಗೋಡೆಯ ಚಿತ್ರಗಳು ಫ್ರೆಸ್ಕೊ, ಅಂದರೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು, ಒಣಗಿದರೆ ತಿದ್ದಲಾಗದು. ಮಾಡಿನ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದವು. ಕುತ್ತಿಗೆ ಎತ್ತಿ ನೋಡುವಾಗ ಸಂತರ ಮುಖಗಳಲ್ಲೇ ಕಣ್ಣು ನಿಲ್ಲಿಸಬೇಡಿ. ಅಂಚಿನ ಕೆತ್ತನೆ, ಚೌಕಟ್ಟು, ಉಬ್ಬಿದ ಹೂಮಾಲೆಗಳನ್ನು ನೋಡಿ. ಅವು ಕೆತ್ತನೆಯಲ್ಲ, ಚಪ್ಪಟೆ ಮೇಲ್ಮೈ ಮೇಲೆ ನೆರಳು ಬಳಿದು ಉಬ್ಬಿಸಿದ ಬಣ್ಣ. ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಯ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಗುಟ್ಟು ಬಯಲಾಗುತ್ತದೆ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಪೂಜೆಯ ಹೊತ್ತಿನಲ್ಲಿ ಪ್ರವೇಶವೂ ಇಲ್ಲ. ಅದೇ ಆವರಣದ ಅಲೋಶಿಯಂ ಮ್ಯೂಸಿಯಂ ಹಳೆಯ ಸಾಮಾನುಗಳ ರಾಶಿ. ಊರಿಗೆ ಮೊದಲು ಬಂದ 1906ರ ಫ್ರೆಂಚ್ ಕಾರು ಅಲ್ಲಿದೆ, ಒಬ್ಬ ಕಾಫಿ ಪ್ಲಾಂಟರ್ ತರಿಸಿದ್ದು. ಮಕ್ಕಳಿಗೆ ಅದು ಸಾಕು.

ಅಲ್ಲಿಂದ ಬಲ್ಮಠಕ್ಕೆ ಆಟೊದಲ್ಲಿ ಸ್ವಲ್ಪ ಹೊತ್ತಿನ ದಾರಿ. 1834ರಲ್ಲಿ ಬಾಸೆಲ್ ಮಿಷನ್‌ನ ಹೇಬಿಕ್, ಲೇಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಧರ್ಮಪ್ರಚಾರಕ್ಕೆ ಬಂದವರು ಕೊನೆಗೆ ಮುದ್ರಣ, ನೇಯ್ಗೆ, ಹೆಂಚು ಮೂರಕ್ಕೂ ಕೈ ಹಾಕಿದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ ಆದದ್ದು ಹಾಗೆ. ಸುಮಾರು 70,000 ಪದಗಳ ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಮಿಷನ್ನಿನ ಪ್ರೆಸ್ಸಿನಲ್ಲಿ. ಈಗ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಅದರ ಹಳೆಯ ದಾಖಲೆಗಳ ಸಂಗ್ರಹ, ಪಕ್ಕದಲ್ಲಿ ಶಾಂತಿ ಕೆಥೆಡ್ರಲ್ ಇವೆ. ಸಂಗ್ರಹ ನೋಡಬೇಕೆಂದರೆ ಕೆಲಸದ ದಿನ ಹೋಗಿ, ಮುಂಚಿತವಾಗಿ ಅನುಮತಿ ಕೇಳಿ. ಕನ್ನಡ ಮೇಷ್ಟ್ರುಗಳು, ಪತ್ರಿಕೆಯವರು ಇದನ್ನು ತಪ್ಪಿಸಬಾರದು. ಉಳಿದವರು ಹೊರಗಿನಿಂದ ನೋಡಿದರೂ ಸಾಕು.

ಹೆಂಚಿನ ಮಾತು ಬಂದದ್ದಕ್ಕೆ ಇನ್ನೊಂದಿಷ್ಟು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ. ಹೊಳೆದಂಡೆಯ ಜೇಡಿಮಣ್ಣು, ಸುಡಲು ಘಟ್ಟದ ಸೌದೆ, ಸಾಗಿಸಲು ಹಡಗು, ಮೂರೂ ಕಾಲ ಬುಡದಲ್ಲೇ ಇದ್ದವು. ನಮ್ಮ ಕಡೆಯ ನಾಡಹೆಂಚನ್ನು ಒಂದರ ಮೇಲೊಂದು ಹೊಂದಿಸಿ ಇಡುತ್ತಿದ್ದರು. ಕೋತಿ ಓಡಾಡಿದರೆ ಕೈಯಾಡಿಸಬೇಕು. ಮಂಗಳೂರು ಹೆಂಚಿಗೆ ಅಂಚಿನಲ್ಲಿ ತೋಡು, ಒಂದರ ತೋಡಿನಲ್ಲಿ ಇನ್ನೊಂದರ ಏಣು ಕೂರುತ್ತದೆ, ಹಿಂಬದಿಯ ಗುಬುಟು ರೀಪಿಗೆ ಕಚ್ಚಿಕೊಳ್ಳುತ್ತದೆ. ಹೆಂಚು ಕಡಿಮೆ ಸಾಕು, ಮಾಡಿನ ಭಾರವೂ ಇಳಿಯಿತು, ಮರದ ಖರ್ಚೂ ಉಳಿಯಿತು. ಚಿಂತಾಮಣಿಯ ಹಳೆಯ ಮನೆ, ರೇಷ್ಮೆ ಸಾಕಣೆಯ ಕೋಣೆ, ಹಳ್ಳಿ ಶಾಲೆಗಳ ಮೇಲೆ ಈಗಲೂ ಇದನ್ನು ಕಾಣಬಹುದು. ಒಳಗೆ ನಿಂತು ತಲೆ ಎತ್ತಿದರೆ ಹೆಂಚಿನ ತಳದಲ್ಲಿ ಕಾರ್ಖಾನೆಯ ಹೆಸರು ಉಬ್ಬಿರುತ್ತದೆ. ಮಿಷನ್ನಿನ ಹೆಂಚಾದರೆ ಇಂಗ್ಲಿಷಿನಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂದಿರುತ್ತದೆ. ಆರ್‌ಸಿಸಿ ಬಂದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ನೋಡಲು ಹೋಗುವ ಜಾಗ ಅಂತ ಹೆಚ್ಚೇನೂ ಇಲ್ಲ. ಬಂದರಿನ ಗೋದಾಮುಗಳ ಒಳಗೆ ಇಣುಕಿದರೆ ಸಾಕು.

ಗೋಡಂಬಿಯ ಕಥೆಯೂ ಹೀಗೆಯೇ. ಬ್ರೆಜಿಲ್‌ನ ಈ ಮರವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು, 20ನೇ ಶತಮಾನದಲ್ಲಿ ಮಂಗಳೂರು ಗೋಡಂಬಿ ಕಾರ್ಖಾನೆಗಳ ಊರಾಯಿತು. ಅದೇ ಮರ ಘಟ್ಟ ಹತ್ತಿ ಬಯಲುಸೀಮೆಗೂ ಬಂತು. ಚಿಂತಾಮಣಿ ಕೃಷಿ ಸಂಶೋಧನಾ ಕೇಂದ್ರ ಬೆಳೆಸಿದ ಗೇರು ತಳಿಗಳಿಗೆ ‘ಚಿಂತಾಮಣಿ-1’, ‘ಚಿಂತಾಮಣಿ-2’ ಎಂದೇ ಹೆಸರು. ಮಂಗಳೂರಿನಲ್ಲಿ ಗೋಡಂಬಿ ಕೊಳ್ಳುವಾಗ ಅಂಗಡಿಯವರಿಗೆ ಇದನ್ನು ಹೇಳಿ ನೋಡಿ, ಮಾತು ಬೆಳೆಯುತ್ತದೆ. ರೇಟು ಇಳಿಯುತ್ತದೆ ಎಂಬ ಭರವಸೆ ನಾನು ಕೊಡಲಾರೆ.

ಮಧ್ಯಾಹ್ನ ಬಿಡುವಿದ್ದರೆ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋಗಿ ಲೋಕೇಶ್ವರನ ಕಂಚಿನ ವಿಗ್ರಹ ನೋಡಿ. ಆಳುಪ ರಾಜ ಕುಂದವರ್ಮನ ಕಾಲದ್ದು, ಕ್ರಿ.ಶ. 968ರ ಶಾಸನ ಅದರ ಪೀಠದಲ್ಲಿದೆ. ಸಂಜೆ ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ. ಪೋರ್ಚುಗೀಸರ ವಿರುದ್ಧ ಸೆಣಸಿದ ರಾಣಿ ಅಬ್ಬಕ್ಕನ ಊರು, ಅವಳ ಪ್ರತಿಮೆ ಇದೆ. ದರ್ಗಾ, ಸೋಮೇಶ್ವರ ದೇವಸ್ಥಾನ, ಬಂಡೆಗಳ ಕಡಲತೀರ ಎಲ್ಲ ಹತ್ತಿರ ಹತ್ತಿರ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಲ್ಲ. ಬರಿಗಾಲಲ್ಲಿ ನಿಂತು ನೀರಿನ ಕಾಲುವೆ ತೋಡಿಸುತ್ತಿದ್ದಳಂತೆ. ಕೆರೆ–ಕಾಲುವೆಗಳ ಲೆಕ್ಕದಲ್ಲೇ ಬದುಕಿದ ನಮ್ಮ ಸೀಮೆಯವರಿಗೆ ಈ ರಾಣಿ ಕತ್ತಿ ಹಿಡಿದ ಪ್ರತಿಮೆಗಿಂತ ಹತ್ತಿರದವಳು. ಸೋಮೇಶ್ವರದಲ್ಲಿ ನೀರಿಗಿಳಿಯಬೇಡಿ, ಸೆಳೆತ ಜೋರು.

ಊಟ, ಮೂರನೇ ದಿನ, ಚೀಲ

ಮುದ್ದೆ ತಿಂದು ಬೆಳೆದವರಿಗೆ ಕುಚ್ಚಲಕ್ಕಿ ಅನ್ನ ಮೊದಲ ತುತ್ತಿಗೆ ದಪ್ಪ ಅನಿಸಿದರೂ ಎರಡನೇ ಹೊತ್ತಿಗೆ ರೂಢಿಯಾಗುತ್ತದೆ. ಕಡಲೆಕಾಯಿ ಎಣ್ಣೆಯ ನಾಲಿಗೆಗೆ ತೆಂಗಿನೆಣ್ಣೆ ಅಡುಗೆ ಒಗ್ಗದವರು ಮೊದಲೇ ಕೇಳಿಕೊಳ್ಳಿ. ಬೆಳಿಗ್ಗೆ ನೀರುದೋಸೆ, ಬಾಳೆಹಣ್ಣಿನ ಬನ್ಸ್, ಸಂಜೆ ಗೋಳಿಬಜೆ. ಮಾಂಸ ತಿನ್ನುವವರಿಗೆ ಕೋರಿರೊಟ್ಟಿ, ಮೀನೂಟ. ಮೀನಿನ ದರ ದಿನದಿನಕ್ಕೆ ಬದಲಾಗುತ್ತದೆ. ಅಂಜಲ್ ತವಾ ಫ್ರೈ ಹೇಳುವ ಮುಂಚೆ ರೇಟು ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ, ಅಲ್ಲಿಯವರೂ ಕೇಳುತ್ತಾರೆ.

ಮೂರನೇ ದಿನ ಇದ್ದವರು ಉತ್ತರಕ್ಕೆ ಹೊರಡಿ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. 1498ರಲ್ಲಿ ವಾಸ್ಕೊ ಡ ಗಾಮ ಇಳಿದ ಎಂದು ಪ್ರತೀತಿ ಇರುವ, ಕಂಬಗಳನ್ನು ಜೋಡಿಸಿಟ್ಟಂಥ ಕಪ್ಪು ಬಂಡೆಗಳ ಜಾಗ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಕುಂದಾಪುರದ ಬಳಿಯ ಬಸ್ರೂರು ಒಂದು ಕಾಲಕ್ಕೆ ಅಕ್ಕಿ ರಫ್ತಿನ ದೊಡ್ಡ ಪೇಟೆ, 1665ರಲ್ಲಿ ಶಿವಾಜಿ ಹಡಗು ತಂದು ಲೂಟಿ ಮಾಡುವಷ್ಟು ಸಿರಿ ಇತ್ತು. ಈಗ ಮೌನವಾದ ಹಳ್ಳಿ, ದೇವಸ್ಥಾನಗಳು, ಶಾಸನಗಳು. ಹೆದ್ದಾರಿಯಲ್ಲೇ ಹಿಂತಿರುಗುವವರು ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಬಹುದು.

ತರುವುದಕ್ಕೆ ಗೋಡಂಬಿ, ಕಾಳುಮೆಣಸು, ಕುಚ್ಚಲಕ್ಕಿ ಸಾಕು. ರಥಬೀದಿ, ಬಂದರಿನ ಅಂಗಡಿಗಳಲ್ಲಿ ಎರಡು ಮೂರು ಕಡೆ ರೇಟು ಕೇಳಿಯೇ ಕೊಳ್ಳಿ. ಒಣಮೀನು ತರುವವರು ಎರಡು ಸುತ್ತು ಪ್ಲಾಸ್ಟಿಕ್ ಹಾಕಿಸಿ, ಬಿಗಿಯಾಗಿ ಕಟ್ಟಿಸಿ ಡಬ್ಬದೊಳಗಿಡಿ. ಎಸಿ ಸ್ಲೀಪರ್ ಬಸ್ಸಿನಲ್ಲಿ ವಾಸನೆ ಎದ್ದರೆ ಪಕ್ಕದವರು ಸುಮ್ಮನಿದ್ದರೂ ಕಂಡಕ್ಟರ್ ಸುಮ್ಮನಿರುವುದಿಲ್ಲ.